ಕುರಿಗಳಿಗೆ ಬರದ ಕಾಲುಬಾಯಿ

ನಮ್ಮ ಅಣ್ಣ ಕುರಿಗಳನ್ನು ಕರೆಯುತ್ತಿದ್ದದ್ದು ತುಟಿಯಿಂದ. ಎರಡೂ ತುಟಿ ಸೇರಿಸಿ, ಒಳಗಿನಿಂದ ಗಾಳಿ ಒತ್ತಿ, ಟ್ರ್‍ರ್‍ರ್‍ರ್ ಎಂದು ನಡುಗಿಸಿ, ಕೊನೆಗೆ ಉದ್ದಕ್ಕೆ ಒಂದು ‘ಹೋ’ ಎಳೆಯುತ್ತಿದ್ದ. ಬಡವನಹಳ್ಳಿ ಕಡೆಯ ನಮ್ಮ ಹಟ್ಟಿಯಲ್ಲಿ ಕುರಿ ಇರುವವರೆಲ್ಲ ಹೀಗೇ ಕರೆಯುತ್ತಾರೆ. ಆದರೂ ಒಬ್ಬರ ಕರೆಯ ಹಾಗೆ ಇನ್ನೊಬ್ಬರದು ಇರುವುದಿಲ್ಲ. ನಾಲ್ಕಾರು ಮನೆಯ ಕುರಿಗಳು ಕೆರೆ ಅಂಗಳದಲ್ಲಿ ಕಲೆತು ಮೇಯುತ್ತಿದ್ದರೂ, ಸಂಜೆ ಯಾರು ಕರೆದರೆ ಅವರವೇ ತಲೆ ಎತ್ತುತ್ತವೆ. ಅಣ್ಣ ಕರೆದರೆ ನಮ್ಮವು ಬಾಯಲ್ಲಿದ್ದ ಹುಲ್ಲನ್ನೂ ಅಗಿಯದೆ ಓಡಿ ಬರುತ್ತಿದ್ದವು.

ನಾನೂ ಮೀಸೆ ಚಿಗುರುವವರೆಗೆ ಅವನ ಹಿಂದೆ ಕುರಿ ಕಾದವನೇ. ಒಂದು ದಿನ ಇದ್ದಕ್ಕಿದ್ದಂತೆ, “ಇಬ್ರೂ ಕುರಿ ಹಿಂದೆ ಹೋಗೋದು ಬ್ಯಾಡ. ನೀನು ಇಸ್ಕೂಲಿಗೆ ಹೋಗು. ಕುರಿ ನಾನ್ ನೋಡ್ಕತೀನಿ” ಎಂದು ಹೇಳಿ ನನ್ನ ಕೈಯಿಂದ ಕೋಲು ತೆಗೆದುಕೊಂಡ. ಚಿಕ್ಕ ಮಕ್ಕಳ ನಡುವೆ ಕೂತು ಅಕ್ಷರ ಕಲಿತೆ. ಎಲ್ಲರೂ ಮುಗಿಸುವ ವಯಸ್ಸು ದಾಟಿದ ಮೇಲೆ ಹತ್ತನೇ ಕ್ಲಾಸು ಪಾಸಾದೆ. ಈಗ ಮಧುಗಿರಿಯಲ್ಲಿ ಹಿಂಡಿ ಬೂಸದ ಅಂಗಡಿ ಇಟ್ಟುಕೊಂಡಿದ್ದೇನೆ. ಕೂತಲ್ಲೇ ಊಟ ಸಿಗುವ ಬದುಕು. ಅದು ಅವನು ಕೊಟ್ಟದ್ದು.

ಅವನ ಬಾಯಿಗೆ ಮೊದಲು ಉರಿ ಶುರುವಾದದ್ದು ಪಾವಗಡದ ಕಡೆ. ಸುಗ್ಗಿ ಮುಗಿದ ಮೇಲೆ ಪ್ರತಿವರ್ಷ ಅವನು ಹಿಂಡನ್ನು ಆ ದಿಕ್ಕಿಗೆ ಹೊಡೆದುಕೊಂಡು ಹೋಗುತ್ತಿದ್ದ. ಅಲ್ಲಿಯ ರೈತರು ಕಡಲೆಕಾಯಿ ಕಿತ್ತ ಹೊಲದಲ್ಲಿ ಕುರಿ ಮಂದೆ ನಿಲ್ಲಿಸಿಕೊಳ್ಳುತ್ತಾರೆ. ಹೊಲಕ್ಕೆ ಗೊಬ್ಬರವಾಗುತ್ತದೆ, ಕುರಿಯವನಿಗೆ ಊಟ, ಕಾಳು ಸಿಗುತ್ತದೆ. ಈಗ ರಾಯಚರ್ಲು, ಕ್ಯಾತಗಾನಚೆರ್ಲು ಸುತ್ತ ಎಷ್ಟೋ ಹೊಲಗಳ ಮೇಲೆ ಸೋಲಾರ್ ಗಾಜು ನಿಂತಿದೆ. ಬೇಲಿಯ ಪಕ್ಕದಲ್ಲೇ ಸುತ್ತಿ ಸುತ್ತಿ ಉಳಿದ ಹೊಲ ಹುಡುಕಬೇಕು. ಅಂಥ ಒಂದು ಹೊಲದಲ್ಲಿ ಅಣ್ಣ ಮುದ್ದೆ ಮುಟ್ಟದೆ ಬರೀ ಮಜ್ಜಿಗೆ ಕುಡಿದು ಎದ್ದದ್ದನ್ನು ಹೊಲದ ಯಜಮಾನ ಕಂಡನಂತೆ.

“ಏಮಣ್ಣಾ, ಎಲೆಗೆ ಸುಣ್ಣ ಜಾಸ್ತಿ ಹಚ್ಚಿದ್ಯಾ? ನೋರೆಲ್ಲಾ ಬೆಂದೋಗೈತೆ ಕದಾ!” ಎಂದು ಅವನು ನಕ್ಕನಂತೆ. ನೋರು ಎಂದರೆ ಬಾಯಿ. ಆ ಕಡೆ ಕನ್ನಡ ತೆಲುಗು ಎರಡೂ ಒಂದೇ ತಟ್ಟೆಯಲ್ಲಿ ಕಲಸಿರುತ್ತವೆ.

ಅಣ್ಣನೂ ಹಾಗೇ ಅಂದುಕೊಂಡ. ಎಲೆ ಅಡಿಕೆ ಬಿಟ್ಟ. ಉರಿ ಬಿಡಲಿಲ್ಲ. ಊರಿಗೆ ಮರಳುವ ಹೊತ್ತಿಗೆ ನಾಲಿಗೆ, ಕೆನ್ನೆಯ ಒಳಗಡೆ, ಒಸಡು ಎಲ್ಲ ಸುಲಿದು ಕೆಂಪಗಾಗಿತ್ತು. ತುಟಿಯ ಮೇಲೆ ರಕ್ತ ಒಣಗಿ ಕರೀ ಹೆಪ್ಪಳಿಕೆ ಕಟ್ಟಿತ್ತು. ಅತ್ತಿಗೆ ಉಷ್ಣ ಎಂದಳು. ಮೆಂತ್ಯ ನೆನೆಸಿ ಕೊಟ್ಟಳು, ಬೆಣ್ಣೆ ಸವರಿದಳು. ಬಡವನಹಳ್ಳಿಯ ಮೆಡಿಕಲ್ ಅಂಗಡಿಯವರು ಒಂದು ಟ್ಯೂಬು, ಒಂದಿಷ್ಟು ಹಳದಿ ಮಾತ್ರೆ ಕೊಟ್ಟರು. ಯಾವುದಕ್ಕೂ ಜಗ್ಗದಿದ್ದಾಗ ಅವನು ಮಧುಗಿರಿಗೆ ನನ್ನ ಅಂಗಡಿಗೆ ಬಂದ. ಬಾಯೊಳಗೆ ಕೆಂಡ ಇಟ್ಟುಕೊಂಡವನ ಹಾಗೆ ತುಟಿ ಅಲ್ಲಾಡಿಸದೆ ಮಾತಾಡಿದ. ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಹಲ್ಲಿನ ಚೂಪು ತಾಗಿ ಹುಣ್ಣಾಗಿರಬಹುದು ಎಂದು ಅವರು ಎರಡು ಹಲ್ಲಿನ ಮೊನೆ ಉಜ್ಜಿ ಕಳಿಸಿದರು.

ಹೊರಗೆ ಬಂದು ಅಣ್ಣ, “ದಿನಾ ಕುರಿ ಬಾಯಿ ತಗ್ದು ಎಷ್ಟಲ್ಲು ಅಂತ ನೋಡೋನು ನಾನು. ಇವತ್ತು ನನ್ ಬಾಯಿ ತಗ್ದು ನೋಡ್ಬುಟ್ರು. ಮಾರಕ್ಕೆ ಬತ್ತೀನಂತಾ ಹೆಂಗೆ?” ಎಂದ. ನಗಲು ಹೋಗಿ ತುಟಿ ಒಡೆದು ರಕ್ತ ಬಂತು. ಟವೆಲ್ಲಿನಲ್ಲಿ ಒತ್ತಿಕೊಂಡು ಬಸ್ಸು ಹತ್ತಿದ.

ಅದಾದ ಕೆಲವೇ ದಿನಗಳಲ್ಲಿ ಅಂಗೈ ಅಂಗಾಲಿನಲ್ಲಿ ಬೊಬ್ಬೆ ಎದ್ದವು. ನಾನು ಹೆದರಿಕೊಂಡು ಹಟ್ಟಿಗೆ ಓಡಿದೆ. ಅಲ್ಲಿ ನೋಡಿದರೆ ಅಣ್ಣನ ಮುಖದಲ್ಲಿ ಒಂಥರ ನಿರಾಳ. ಇಷ್ಟು ದಿನ ಹೆಸರಿಲ್ಲದೆ ಕಾಡುತ್ತಿದ್ದುದಕ್ಕೆ ಅವನೇ ಹೆಸರು ಹುಡುಕಿಕೊಂಡಿದ್ದ.

“ಬಾಯಾಗೈತೆ, ಕಾಲಾಗೈತೆ. ಇನ್ನೇನ್ಲಾ ಇದು? ಕಾಲುಬಾಯಿ ಕಣ್ಲಾ. ಕುರೀದು ನಂಗೆ ಬಂದ್ಬುಟ್ಟೈತೆ.”

“ಮನುಷ್ರಿಗೂ ಬತ್ತದಾ ಅದು?” ಎಂದಳು ಅತ್ತಿಗೆ.

“ಬಂದೈತಲ್ಲ, ಕಾಣಾಕಿಲ್ವಾ? ಪೇಪರ್‍ನಾಗೆ ಹಾಕುಸ್ಬೇಕಾ?” ಎಂದವನು ನನ್ನ ಕಡೆ ತಿರುಗಿ, “ನೀನ್ ಓದ್ದೋನು. ಹೇಳ್ಲಾ, ಬತ್ತದಾ?” ಎಂದು ಕೇಳಿದ.

“ಬಂದ್ರೂ ಬರ್ಬೋದು ಕಣಣ್ಣ” ಎಂದೆ. ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅವನಷ್ಟೇ ಕುರಿಗಳನ್ನು ನಾನೂ ನೋಡಿದ್ದೆ. ಕಾಲುಬಾಯಿ ಬಿದ್ದ ಕುರಿಗೆ ನಾಲಿಗೆ ಸುಲಿಯುತ್ತದೆ, ಜೊಲ್ಲು ಸುರಿಯುತ್ತದೆ, ಗೊರಸಿನ ಸಂದಿಯಲ್ಲಿ ಹುಣ್ಣಾಗಿ ಕುಂಟುತ್ತದೆ. ಅಣ್ಣನೂ ಜೊಲ್ಲು ನುಂಗಲಾರದೆ ಉಗಿಯುತ್ತಿದ್ದ, ಕುಂಟುತ್ತಿದ್ದ. ಕಣ್ಣಿಗೆ ಕಾಣುವುದೆಲ್ಲ ಹೊಂದುತ್ತಿತ್ತು.

ಕಾಲುಬಾಯಿ ಎಂದರೆ ನಮ್ಮಂಥ ಮನೆಗಳಲ್ಲಿ ಕೈ ಕಾಲು ನಡುಗುವ ಮಾತಲ್ಲ. ಬರುತ್ತದೆ, ಸೊರಗಿಸುತ್ತದೆ, ಹೋಗುತ್ತದೆ. ಮರಿಗಳು ಸಾಯಬಹುದು, ಬೆಳೆದ ಕುರಿ ಹದಿನೈದು ದಿನಕ್ಕೆ ಮೆಲುಕು ಹಾಕುತ್ತದೆ. ಹುಣ್ಣನ್ನು ಪಟಿಕದ ನೀರಿನಲ್ಲಿ ತೊಳೆಯಬೇಕು, ರಾಗಿಹಿಟ್ಟಿಗೆ ಜೇನು ಕಲಸಿ ನಾಲಿಗೆಗೆ ಸವರಬೇಕು, ಕಾಯಬೇಕು. ಮುಖ್ಯವಾದದ್ದು ಒಂದೇ: ಜಡ್ಡು ಬಿದ್ದದ್ದನ್ನು ಹಿಂಡಿನಿಂದ ಬೇರೆ ಕಟ್ಟಬೇಕು.

ಅಣ್ಣ ತನ್ನನ್ನೇ ಬೇರೆ ಕಟ್ಟಿಕೊಂಡ. ಕುರಿ ಕೂಡುವ ರೊಪ್ಪದಿಂದ ದೂರ, ಹೊಂಗೆ ಮರದ ಕೆಳಗೆ ಒಂದು ಚಪ್ಪರ ಹಾಕಿಸಿಕೊಂಡ. ತಟ್ಟೆ ಲೋಟ ಬೇರೆ, ಕಂಬಳಿ ಬೇರೆ. ರೊಪ್ಪದ ಕಡೆಗೆ ಗಾಳಿ ಬೀಸಿದರೆ ಎದ್ದು ಮರದ ಆ ಪಕ್ಕಕ್ಕೆ ಹೋಗಿ ಕೂರುತ್ತಿದ್ದ. ಹೆಂಡತಿಗೆ ಅಂಟೀತೆಂದು ಅವನು ಅಷ್ಟು ಹೆದರಲಿಲ್ಲ, ಕುರಿಗೆ ಅಂಟೀತೆಂದು ಹೆದರಿದ. ಅತ್ತಿಗೆ ಅದನ್ನು ಅವನಿಗೆ ಆಗಾಗ ಚುಚ್ಚುತ್ತಿದ್ದಳು. “ನಾನ್ ಸತ್ರೆ ಇನ್ನೊಬ್ಳು ಬತ್ತಾಳೆ, ಕುರಿ ಸತ್ರೆ ಬತ್ತದಾ ಅಂತ ಇವ್ರ ಲೆಕ್ಕ.” ನಾನು ಅಂಗಡಿಯಿಂದ ಪಟಿಕದ ಗಡ್ಡೆ ತಂದುಕೊಟ್ಟೆ. ಖಾಲಿಯಾದಾಗ ಮತ್ತೆ ತಂದುಕೊಟ್ಟೆ.

ಕುರಿ ಮೇಯಿಸುವುದು ಅತ್ತಿಗೆಯ ಪಾಲಿಗೆ ಬಂತು. ಬೆಳಿಗ್ಗೆ ಹೇಗೋ ಹೋಗುತ್ತಿದ್ದವು. ಸಂಜೆ ಕರೆತರುವುದೇ ಕಷ್ಟ. ಅವಳು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದಳು, ತಗಡಿನ ಡಬ್ಬ ಬಡಿಯುತ್ತಿದ್ದಳು. ಮರದ ಕೆಳಗೆ ಕೂತ ಅಣ್ಣ ಕರೆಯಲು ತುಟಿ ಸೇರಿಸಿದರೆ ಹೆಪ್ಪಳಿಕೆ ಕಿತ್ತು ಬರುತ್ತಿತ್ತು. ಕೋಲಿನಿಂದ ನೆಲ ಕುಟ್ಟುತ್ತಿದ್ದ.

“ನೀನಿಂಗೆ ಕೂಗಿದ್ರೆ ಕುರಿ ಬರಾಕಿಲ್ಲ ಕಣಮ್ಮಿ, ಪಕ್ಕದ ಹಟ್ಟಿ ಜನ ಬತ್ತಾರೆ.”

“ಬರ್ಲಿ ಬುಡು. ಅವ್ರಾದ್ರೂ ಹೇಳಿದ್ ಮಾತ್ ಕೇಳ್ತಾರೆ.”

ಹದಿನೈದು ದಿನ ಹೋಯಿತು. ತಿಂಗಳುಗಳೂ ಹೋದವು. ಅಣ್ಣ ಮೆಲುಕು ಹಾಕಲಿಲ್ಲ. ತಣ್ಣಗೆ ಮಾಡಿದ ರಾಗಿ ಅಂಬಲಿ, ಅದೂ ಉಪ್ಪಿಲ್ಲದ್ದು, ಕತ್ತು ಒಂದು ಕಡೆ ವಾಲಿಸಿ ತೊಟ್ಟು ತೊಟ್ಟಾಗಿ ಇಳಿಸುತ್ತಿದ್ದ. ಕಣ್ಣು ಕೆಂಪಾಗಿ ರೆಪ್ಪೆ ಅಂಟಿಕೊಳ್ಳುತ್ತಿತ್ತು. ಎದೆ ಬೆನ್ನಿನ ಮೇಲೂ ಬೊಬ್ಬೆ ಒಡೆದು ಬನಿಯನ್ ಮೈಗೆ ಅಂಟುತ್ತಿತ್ತು. ಇಷ್ಟಾದರೂ ಹಿಂಡಿನಲ್ಲಿ ಒಂದು ಕುರಿಗೂ ಏನೂ ಆಗಲಿಲ್ಲ. ಒಂದು ಮರಿಯ ಬಾಯಲ್ಲೂ ಒಂದು ಗುಳ್ಳೆ ಇರಲಿಲ್ಲ. ಅತ್ತಿಗೆ ಬಂದು ಹೇಳಿದರೆ ಅವನಿಗೆ ಹೆಮ್ಮೆ.

“ನಾನ್ ದೂರ ಇದ್ದಿದ್ಕೆ ಬರ್‍ನಿಲ್ಲ. ಬುದ್ವಂತ್ರು ಮಾಡೋ ಕೆಲ್ಸ ಇದು” ಎನ್ನುತ್ತಿದ್ದ.

ನಾವೂ ಹೌದು ಎನ್ನುತ್ತಿದ್ದೆವು. ಈ ಒಂದು ಮಾತು ನೆನಪಾದಾಗಲೆಲ್ಲ ನನಗೆ ಅಂಗಡಿಯಲ್ಲಿ ಕೂತಲ್ಲೇ ಕೈ ನಿಂತುಬಿಡುತ್ತದೆ. ಹುಟ್ಟಿದಾಗಿನಿಂದ ಕುರಿಯ ಜೊತೆ ಬದುಕಿದ ಜನ ನಾವು. ಕಾಲುಬಾಯಿ ಒಂದಕ್ಕೆ ಬಂದರೆ ವಾರದಲ್ಲಿ ಹಿಂಡಿಗೆಲ್ಲ ಬರುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನು ಬೇರೆಯಾಗಿ ಕೂರುವ ಮೊದಲೂ ಎಷ್ಟೋ ದಿನ ಆ ಬಾಯಿ ಇಟ್ಟುಕೊಂಡೇ ಅವುಗಳ ನಡುವೆ ಮಲಗಿದ್ದ. ಕಣ್ಣೆದುರಿಗೆ ಅಷ್ಟೂ ಕುರಿಗಳು ಆರಾಮಾಗಿ ಮೇಯುತ್ತಿದ್ದವು. ನಾವು ಅವುಗಳನ್ನು ನೋಡಿ ಸಂತೋಷಪಟ್ಟೆವು.

ಅಷ್ಟರಲ್ಲಿ ಸಿರಾದಿಂದ ಕುರಿ ಕೊಳ್ಳುವ ಸಾಹೇಬರು ಟಗರು ನೋಡಲು ಬಂದರು. ಅವರು ನಮ್ಮ ತಂದೆಯ ಕಾಲದಿಂದಲೂ ನಮ್ಮಲ್ಲಿ ಕೊಳ್ಳುವವರು. ಕುರಿಯ ಬೆನ್ನು ಒತ್ತಿ ನೋಡಿಯೇ ವ್ಯಾಪಾರ ಮಾತಾಡುವುದು ಅವರ ಪದ್ಧತಿ. ಬೇಡ ಬೇಡ ಎಂದರೂ ಅವರು ಹೊಂಗೆ ಮರದ ಹತ್ತಿರ ಹೋಗಿ ಅಣ್ಣನ ಬೆನ್ನಿನ ಮೇಲೆ ಕೈ ಇಟ್ಟರು.

“ಅರೇ ಭಾಯ್, ಏನಿದೆ ಇಲ್ಲಿ? ಬರೀ ಮೂಳೆ. ನಿನ್ನ ಕೊಂಡ್ಕೊಂಡ್ರೆ ನಾನು ಲುಕ್ಸಾನು” ಎಂದು ತಮಾಷೆ ಮಾಡಿದವರು, ಅವನ ತುಟಿ ನೋಡಿ ಅಲ್ಲಿಂದಲೇ ಹಿಂದಿರುಗಿದರು. ಟಗರು ನೋಡಲಿಲ್ಲ. ನನಗೆ ಫೋನು ಮಾಡಿ, “ನೀನು ತಮ್ಮನಾ ಏನು? ಬಡೇ ದವಾಖಾನೆಗೆ ಕರ್ಕೊಂಡ್ಹೋಗು. ಇವತ್ತೇ ಹೋಗು” ಎಂದರು.

ಜಿಲ್ಲೆಯ ದೊಡ್ಡಾಸ್ಪತ್ರೆಯಲ್ಲಿ ಚರ್ಮದ ಡಾಕ್ಟರು ಒಬ್ಬ ಹೆಣ್ಣುಮಗಳು. ಬಾಯಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಎರಡನೇ ಸಲ ಹೋದಾಗ, “ನೀವೇನು ಅಂದ್ಕೊಂಡಿದ್ದೀರಿ ಯಜಮಾನ್ರೇ?” ಎಂದು ಅಣ್ಣನನ್ನೇ ಕೇಳಿದರು. ಅವನು ಹೇಳಿದ. ಅವರು ನಗಲಿಲ್ಲ.

“ನಿಮ್ಮ ಕುರಿಗಳಿಗೆ ಬಂದಿದೆಯಾ?”

“ಒಂದ್ಕೂ ಇಲ್ಲ ಮೇಡಂ. ನಾನು ದೂರ ಇಕ್ಕಿವ್ನಿ.”

“ಅವಕ್ಕೆ ಮೊದಲೂ ಇರಲಿಲ್ವಾ?”

“ಇಲ್ಲ ಮೇಡಂ.”

“ಮತ್ತೆ ನಿಮಗೆ ಯಾರಿಂದ ಬಂತು?”

ಅಣ್ಣ ನನ್ನ ಮುಖ ನೋಡಿದ. ನಾನು ಅವನ ಕೈಯ ಬೊಬ್ಬೆ ನೋಡಿದೆ. ಅಷ್ಟು ಸಣ್ಣ ಪ್ರಶ್ನೆ.

ಇದು ಅಂಟುವ ರೋಗವೇ ಅಲ್ಲ ಎಂದು ಅವರು ಬಿಡಿಸಿ ಹೇಳಿದರು. ಕೆಲವರಲ್ಲಿ ಹೊಟ್ಟೆಯಲ್ಲೋ ಎದೆಯಲ್ಲೋ ಒಂದು ಗಡ್ಡೆ ಸದ್ದಿಲ್ಲದೆ ಬೆಳೆದಿರುತ್ತದೆ. ನೋವಿರುವುದಿಲ್ಲ. ಅದರ ದೆಸೆಯಿಂದ ಬಾಯಿ, ಚರ್ಮ ಹೀಗೆ ಸುಲಿಯುತ್ತದೆ. ಗಡ್ಡೆ ಇದೆಯೋ ಇಲ್ಲವೋ ಸ್ಕ್ಯಾನಿನಲ್ಲಿ ನೋಡಲೇಬೇಕು, ತಡ ಮಾಡಬೇಡಿ. ಅಲ್ಲಿಯವರೆಗೆ ಈ ಮಾತ್ರೆ.

ಮಾತ್ರೆ ಒಂದು ವಾರದಲ್ಲೇ ಕೆಲಸ ಮಾಡಿತು. ಅಂಗೈ ಒಣಗಿತು. ಅಂಬಲಿಗೆ ಒಂದು ಹರಳು ಉಪ್ಪು ಹಾಕಿಸಿಕೊಳ್ಳುವಷ್ಟು ಬಾಯಿ ಸುಧಾರಿಸಿತು. ಡಾಕ್ಟರು ಅಷ್ಟು ಹೊತ್ತು ಹೇಳಿದ್ದರಲ್ಲಿ ಅಣ್ಣನ ಕಿವಿಯಲ್ಲಿ ನಿಂತದ್ದು ಒಂದೇ ಮಾತು.

“ಕಾಲುಬಾಯಿ ಅಲ್ಲ, ಅಂಟಾಕಿಲ್ಲ ಅಂದ್ರಲ್ಲ. ಅಂದ್ಮೇಲೆ ರೊಪ್ಪದ ಒಳೀಕೆ ಹೋಗ್ಬೋದು!”

ಚಪ್ಪರ ಕಿತ್ತು ಹಾಕಿ ಅವತ್ತೇ ಕುರಿಗಳ ನಡುವೆ ಹೋಗಿ ನಿಂತ. ಅವು ಅವನ ಲುಂಗಿ ಮೂಸಿದವು. ಅದು ಕುರಿ ಮರಿ ಹಾಕುವ ಕಾಲ. ಅಡ್ಡ ಸಿಕ್ಕಿಕೊಂಡ ಮರಿಯನ್ನು ಒಳಗೆ ಕೈಬಿಟ್ಟು ತಿರುಗಿಸಿ ತೆಗೆಯುವುದು ಅವನಿಗಷ್ಟೇ ಗೊತ್ತಿತ್ತು. ಸ್ಕ್ಯಾನಿಗೆ ಹೋಗೋಣ ಬಾ ಎಂದು ನಾನು ಎರಡು ಮೂರು ಸಲ ಫೋನು ಮಾಡಿದೆ.

“ಮರಿ ನಿಂತ್ಕಳ್ಳಿ ತಡೀಲಾ. ಹೊಟ್ಟೆ ನೋಯ್ತಾ ಇಲ್ಲ, ಏನಿಲ್ಲ. ಇರೋ ಗಡ್ಡೆ ಎಲ್ಲೋಗ್ತದೆ?”

ಅವನ ದನಿಯಲ್ಲಿ ಸಂತೋಷವಿತ್ತು. ಎಷ್ಟೋ ಕಾಲದ ಮೇಲೆ ಕೇಳಿದ ಸಂತೋಷ. ನಾನು ಜೋರು ಮಾಡಲಿಲ್ಲ. ಕೊರಟಗೆರೆಗೆ ಕೊಟ್ಟಿರುವ ಅವನ ಮಗಳು ಮಾತ್ರ, “ಚಿಕ್ಕಪ್ಪ, ಅಪ್ಪನ್ನ ಎಳ್ಕೊಂಡಾದ್ರೂ ಹೋಗು” ಎಂದು ದಿನಾ ಹೇಳುತ್ತಿದ್ದಳು. ಮರಿಗಳು ನಿಂತವು, ಹಾಲು ಕುಡಿದವು, ನೆಗೆದಾಡಿದವು. ಮಾತ್ರೆ ಕಡಿಮೆ ಮಾಡುತ್ತಿದ್ದಂತೆ ಅಣ್ಣನ ಬಾಯಿ ಮೊದಲಿಗಿಂತ ಜೋರಾಗಿ ಒಡೆಯಿತು. ಆಗ ಎಳೆದುಕೊಂಡು ಹೋದೆ.

ಗಡ್ಡೆ ಇತ್ತು. ಕರುಳಿನ ಹಿಂದೆ, ಬೆನ್ನುಮೂಳೆಯ ಪಕ್ಕ, ಬೇಲದ ಹಣ್ಣಿನಷ್ಟು. ಬೆಂಗಳೂರಿನಲ್ಲಿ ಆಪರೇಷನ್ ಮಾಡಿ ತೆಗೆದರು. ಗಡ್ಡೆ ಹರಡುವ ಜಾತಿಯದಲ್ಲ, ಪೂರ್ತಿ ತೆಗೆದಿದ್ದೇವೆ ಎಂದು ಅಲ್ಲಿಯ ಡಾಕ್ಟರು ಹೇಳಿದರು. ಗಡ್ಡೆಯ ವಿರುದ್ಧ ಹೋರಾಡಲು ಮೈ ತಯಾರು ಮಾಡಿದ ಶಕ್ತಿಯೇ ದಾರಿ ತಪ್ಪಿ ತನ್ನ ಚರ್ಮವನ್ನೇ ಸುಲಿಯುತ್ತಿದೆ, ಗಡ್ಡೆ ಹೋದರೂ ಅದು ಇಳಿಯಲು ತಿಂಗಳುಗಳು ಬೇಕು ಎಂದರು. ಅಣ್ಣ ಹಾಸಿಗೆಯ ಮೇಲಿಂದ ಕೇಳಿಸಿಕೊಂಡು, “ಅಂದ್ರೆ ತ್ವಾಳ ಓಡ್ಸಕ್ಕೆ ಇಕ್ಕಂಡಿದ್ ನಾಯಿ ಮರೀನೇ ಕಚ್ಚಿದಂಗೆ” ಎಂದ. ಡಾಕ್ಟರು “ಹೌದು, ಹಾಗೇ” ಎಂದರು.

ಬಾಯಿ ವಾಸಿಯಾಯಿತು. ನಿಧಾನಕ್ಕೆ, ಆದರೆ ಪೂರ್ತಿಯಾಗಿ. ಹೆಪ್ಪಳಿಕೆ ಉದುರಿ ಎಳೆಮರಿಯ ತುಟಿಯ ಹಾಗೆ ತೆಳು ಕೆಂಪಿನ ಹೊಸ ತುಟಿ ಬಂತು. ಮಗಳು ಕೊರಟಗೆರೆಯಿಂದ ಬಂದು ಹುರುಳಿ ಸಾರು ಮಾಡಿದಳು. ಅವನು ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಕಣ್ಣು ಮುಚ್ಚಿಕೊಂಡು ನುಂಗಿದ. “ಖಾರ ಐತೆ” ಎಂದ. ಇನ್ನೊಂದು ತುತ್ತು ನುಂಗಿ ಮತ್ತೆ “ಖಾರ ಐತೆ ಕಣವ್ವಾ” ಎಂದ. ಅತ್ತಿಗೆ ಒಲೆಯ ಕಡೆ ತಿರುಗಿಕೊಂಡಳು.

ಅವತ್ತು ಸಂಜೆ ರೊಪ್ಪದ ಬಾಗಿಲಿಗೆ ಹೋಗಿ ತುಟಿ ಸೇರಿಸಿದ. ಟ್ರ್‍ರ್‍ರ್ ಎಂದು ಶುರುವಾಯಿತು. ಹಳೆಯದೇ ಸದ್ದು. ದೂರದಲ್ಲಿ ಎರಡು ಕುರಿ ತಲೆ ಎತ್ತಿದವು. ‘ಹೋ’ ಎಂದು ಎಳೆಯುವಷ್ಟರಲ್ಲಿ ಉಸಿರು ಸಿಗದೆ ಬಗ್ಗಿ ಕೆಮ್ಮತೊಡಗಿದ. ಬಹಳ ಹೊತ್ತು ಕೆಮ್ಮಿದ. ಆಪರೇಷನ್ನಿನ ಸುಸ್ತು ಎಂದುಕೊಂಡೆವು. ಆದರೆ ದಿನ ಹೋದಂತೆ ಕೆರೆ ಏರಿ ಹತ್ತುವುದೂ ಆಗಲಿಲ್ಲ. ಆಮೇಲೆ ಬಾಗಿಲಿಂದ ಹೊಂಗೆ ಮರದವರೆಗೆ ನಡೆಯುವುದೂ ಆಗಲಿಲ್ಲ.

ಮತ್ತೆ ಬೆಂಗಳೂರಿಗೆ ಹೋದೆವು. ಬಾಯಿಯನ್ನು ಸುಲಿದದ್ದೇ ಶ್ವಾಸಕೋಶದ ಸಣ್ಣ ನಳಿಗೆಗಳನ್ನೂ ಸುಲಿದು ಮುಚ್ಚಿಬಿಟ್ಟಿದೆ ಎಂದರು. ಬಾಯಿ ಹೊಸದಾಗಿ ಬರುತ್ತದೆ, ಆ ನಳಿಗೆಗಳು ಬರುವುದಿಲ್ಲ. ಅಣ್ಣನನ್ನು ಹೊರಗೆ ಕೂರಿಸಿ ನಾನೊಬ್ಬನೇ ಒಳಗೆ ಹೋಗಿ ಕೇಳಿದೆ: “ಮರಿ ಹಾಕೋಕ್ಕಿಂತ ಮುಂಚೆ ಬಂದಿದ್ರೆ ಉಳೀತಿತ್ತಾ ಸಾರ್?”

ಡಾಕ್ಟರಿಗೆ ಮರಿ ಯಾವುದು ಎಂದು ತಿಳಿಯಲಿಲ್ಲ. ತಿಳಿಸಿದೆ. “ಹೇಳಕ್ಕಾಗಲ್ಲ. ಬೇಗ ತೆಗೆಸಿಕೊಂಡ ಕೆಲವರಿಗೂ ಹೀಗಾಗುತ್ತೆ. ಬೇಗ ಬಂದಿದ್ರೆ ಒಳ್ಳೇದಿತ್ತು, ಅಷ್ಟೇ ಹೇಳಬಹುದು” ಎಂದರು. ಅದನ್ನು ಅಣ್ಣನಿಗೆ ಹೇಳಲಿಲ್ಲ. ಬಸ್ಸಿನಲ್ಲಿ ಅವನೂ ಕೇಳಲಿಲ್ಲ. ಕಿಟಕಿಯ ಆಚೆ ಬಯಲು ಕಂಡಾಗ, “ಹುಲ್ಲು ಚೆನ್ನಾಗೈತೆ ಇಲ್ಲಿ” ಎಂದ.

ಕುರಿ ಮಾರುವುದೆಂದು ತೀರ್ಮಾನಿಸಿದವನು ಅವನೇ. ಅತ್ತಿಗೆ ಅವನನ್ನು ನೋಡಿಕೊಳ್ಳಬೇಕು, ಕುರಿಯನ್ನೂ ನೋಡಲಾರಳು. ಸಿರಾದ ಸಾಹೇಬರು ಟೆಂಪೋ ತಂದರು. ಹಿಂದೆ ಹಲಗೆ ಇಳಿಬಿಟ್ಟರು. ಹಿಂಡು ಹತ್ತಲಿಲ್ಲ. ಮುಂದಿನ ಕುರಿ ಹಲಗೆಯ ಮೇಲೆ ಕಾಲಿಟ್ಟು ಹಿಂದೆ ಸರಿದರೆ ಎಲ್ಲವೂ ಸರಿದು ರೊಪ್ಪದ ಮೂಲೆಗೆ ಒತ್ತಿಕೊಳ್ಳುತ್ತಿದ್ದವು. ಟೆಂಪೋ ಡ್ರೈವರು ಕೋಲೆತ್ತಿದ.

“ಹೊಡೀಬೇಡ್ಲೇ!” ಎಂದು ಅಣ್ಣ ಕುರ್ಚಿಯಿಂದ ಕೂಗಲು ಹೋದ. ದನಿ ಬರಲಿಲ್ಲ, ಕೈ ಮಾತ್ರ ಎದ್ದಿತು. ಸಾಹೇಬರೇ ಓಡಿ ಹೋಗಿ ಕೋಲು ಕಸಿದುಕೊಂಡರು. ಅತ್ತಿಗೆ ಡಬ್ಬ ಬಡಿದಳು. ಕುರಿಗಳು ಇನ್ನಷ್ಟು ಬೆದರಿದವು.

ಅಣ್ಣ ನನ್ನನ್ನು ಹತ್ತಿರ ಕರೆದ. ಒಂದೊಂದು ಮಾತಿಗೂ ನಿಂತು ಉಸಿರು ಎಳೆದುಕೊಂಡು ಹೇಳಿದ. “ನೀನ್ ಕರೀಲಾ.”

“ನಂಗೆಲ್ಲಿ ಬತ್ತದಣ್ಣ? ಯಾವ ಕಾಲದ್ದೋ.”

“ನಾನೇ ಕಲ್ಸಿದ್ದು. ಬತ್ತದೆ. ಟೆಂಪೋ ಒಳ್ಗಡೆ ನಿಂತ್ಕೊಂಡು ಕರಿ.”

ನಾನು ಟೆಂಪೋ ಹತ್ತಿ ಒಳಗಡೆ ಹೋಗಿ ನಿಂತೆ. ತುಟಿ ಸೇರಿಸಿದೆ. ಮೊದಲು ಬರೀ ಗಾಳಿ ಬಂತು. ಡ್ರೈವರು ನಕ್ಕ. ಮತ್ತೆ ಸೇರಿಸಿದೆ. ಟ್ರ್‍ರ್‍ರ್‍ರ್ ಎಂದು ನಡುಗಿತು, ಎದೆಯಿಂದ ‘ಹೋ’ ಎದ್ದು ಬಂತು. ಅದು ನನ್ನ ದನಿಯಾಗಿರಲಿಲ್ಲ. ಅಣ್ಣ ಹಾಗೇ ಕರೆಯುತ್ತಿದ್ದ, ಅವನಿಂದಲ್ಲದೆ ಬೇರೆ ಯಾರಿಂದಲೂ ನಾನು ಕಲಿತಿರಲಿಲ್ಲ. ಕುರಿಗಳೆಲ್ಲ ಒಟ್ಟಿಗೆ ತಲೆ ಎತ್ತಿದವು. ಎಷ್ಟು ದಿನದ ಮೇಲೆ ಆ ಕರೆ ಕೇಳಿದ್ದವೋ, ಒಂದನ್ನೊಂದು ತಳ್ಳಿಕೊಂಡು, ಹಲಗೆಯ ಮೇಲೆ ದಡದಡ ಹತ್ತಿ ಬಂದು ನನ್ನ ಮೊಣಕಾಲಿಗೆ ಮೂತಿ ತಾಗಿಸಿ ನಿಂತವು. ಕೊನೆಯದು ಹತ್ತಿದ ಮೇಲೆ ಹಲಗೆ ಎತ್ತಿ ಕೊಂಡಿ ಹಾಕಿದರು. ನಾನು ಪಕ್ಕದಿಂದ ಇಳಿದೆ.

ಟೆಂಪೋ ಹೋದ ಮೇಲೆ ಅಣ್ಣ ಬಹಳ ಹೊತ್ತು ದಾರಿ ನೋಡುತ್ತಿದ್ದ. ಆಮೇಲೆ, “ಚೆನ್ನಾಗಿ ಕರ್ದೆ ಕಣ್ಲಾ” ಎಂದ. “ಇಸ್ಕೂಲಿಗೆ ಕಳುಸ್ಬಾರ್ದಿತ್ತು ನಿನ್ನ.” ತಮಾಷೆಗೇ ಹೇಳಿದ. ಆ ಹೊಸ ತುಟಿ ನಗುವಿಗೆ ಒಡೆಯಲಿಲ್ಲ.

ಆ ವರ್ಷದ ಚಳಿ ಮುಗಿಯುವುದರೊಳಗೆ ಅವನು ಹೋದ. ಬಾಯಿ ಕೊನೆಯವರೆಗೂ ಚೆನ್ನಾಗಿಯೇ ಇತ್ತು. ಹಿಂದಿನ ದಿನವೂ ಹಸಿ ಮೆಣಸಿನಕಾಯಿ ಕೇಳಿ ಕಡಿದಿದ್ದ.

ಸುಗ್ಗಿ ಮುಗಿದ ಮೇಲೆ ಈಗಲೂ ಬೇರೆ ಬೇರೆ ಊರಿನವರು ಹಿಂಡು ಹೊಡೆದುಕೊಂಡು ಪಾವಗಡದ ದಿಕ್ಕಿಗೆ ನನ್ನ ಅಂಗಡಿಯ ಮುಂದೆಯೇ ಹೋಗುತ್ತಾರೆ. ಬೂಸದ ವಾಸನೆಗೆ ಕುರಿಗಳು ಕತ್ತು ತಿರುಗಿಸುತ್ತವೆ. ಹಾಗೆ ತಿರುಗಿಸಿದಾಗ ನಾನು ಅವುಗಳ ಬಾಯಿ ನೋಡುತ್ತೇನೆ. ಎಲ್ಲವೂ ಚೆನ್ನಾಗಿಯೇ ಇರುತ್ತವೆ.